ಗೂಟದಿಂದ ಗೂಟಕ್ಕೆ

ಐಡಾಹೊದ ಮಾರ್ಚ್. ಅಗ್ನಿಶಾಮಕ ಠಾಣೆಯಲ್ಲೇ ಸಭೆ.
ಬಂಡಿಯನ್ನು ಹೊರಗೆ ಹಿಮಕ್ಕೆ ಬಿಟ್ಟು
ಒಳಗೆ ಹನ್ನೊಂದು ಮಡಚು ಕುರ್ಚಿ. ಬಂದವರು ಆರು.

ಡೋರಿನ್ ಓದುತ್ತಾಳೆ:
ಈಶಾನ್ಯದ ಕಬ್ಬಿಣದ ಗೂಟದಿಂದ
ಹಳ್ಳದ ನಡುನೀರಿಗೆ,
ಅಲ್ಲಿಂದ ತೆಂಕಕ್ಕೆ ನಾನೂರಡಿ,
ಬೇಲಿ ಹಿಡಿದು ಮರಳಿ ಗೂಟಕ್ಕೆ.
ಇಷ್ಟು ನೆಲ ಇನ್ನು ನಮ್ಮ ಡಿಸ್ಟ್ರಿಕ್ಟಿಗೆ, ಅಂದರೆ
ಇಷ್ಟಕ್ಕೆ ಬೆಂಕಿ ಬಿದ್ದರೆ ನಾವು.

ತೆರಿಗೆ ಎಷ್ಟು ಅಂತ ಆರ್ವಿಲ್ ಕೇಳುತ್ತಾನೆ,
ಎರಡು ಸಲ.

ವರ್ನಾ ಟಿಬೆಟ್ಸ್ ಕೇಳುವುದಿಲ್ಲ.
ಹೋದ ಆಗಸ್ಟಿನಲ್ಲಿ ಇದೇ ಬಂಡಿ
ಗೂಟದ ಈಚೆ ನಿಂತು, ಕೆಂಪು ದೀಪ ತಿರುಗಿಸುತ್ತ,
ಅವಳ ಕೊಟ್ಟಿಗೆ ಉರಿಯುವುದನ್ನು ನೋಡಿತ್ತು.
ಹುಡುಗರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದಿದ್ದರು.

ಕೈ ಎತ್ತಿದರು. ಐದು.
ವರ್ನಾ ಸಹಿ ಮಾಡಿ, ಪೆನ್ನಿಗೆ ಮುಚ್ಚಳ ಹಾಕಿ
ಮರಳಿಸುತ್ತ ಕೇಳಿದಳು:
ಬೂದಿಯೂ ಸೇರಿತು ತಾನೆ?