ಐವತ್ತೊಂದು ಶನಿವಾರ

ಚಿಯ್ಯಾನ್ ಊರಿನ ಆ ಮನೆಯಲ್ಲಿ
ಮೊದಲು ಎದುರಾಗುವುದು ಮೇಣದ ವಾಸನೆ,
ಆಮೇಲೆ ಡೋನ್ಯಾ ಎಲ್ಸಿರಾ.
ಹೊಸ್ತಿಲ ಪಕ್ಕ ಜೋಡಿ ಜೋಡಿ ಕಂಬಳಿ ತುಂಡು.
ಕಾಲಡಿ ಇಟ್ಟುಕೊಂಡು ಜಾರುತ್ತ ಬಾ ಎಂದಳು.
ಜಾರಿದೆ, ಕೈಯಲ್ಲಿ ಕೆಲಸದ ಪೆಟ್ಟಿಗೆ,
ಐವತ್ತು ದಾಟಿದ ಗಂಡಸು,
ಹುಟ್ಟಿದ ದಿನದ ಕರುವಿನ ಹಾಗೆ.
ಬಾಡಿಗೆಗಿದ್ದ ನರ್ಸಿಂಗ್ ಹುಡುಗಿಯರು ಐದು ಮಂದಿ
ಊಟದ ಮೇಜಿನಿಂದಲೇ ನಕ್ಕರು.

ನೆಲ ಕಪ್ಪಾಗಿದೆ, ಅಂಟುತ್ತದೆ, ಏನು ರೋಗವೋ ನೋಡು.
ಮೊಣಕಾಲೂರಿ ಉಗುರಿನಲ್ಲಿ ಕೆರೆದೆ.
ಎದ್ದದ್ದು ಮರವಲ್ಲ, ಹಪ್ಪಳದಂಥ ಮೇಣ.
ಅದರಡಿ ಇನ್ನೊಂದು, ಕೆಂಪು.
ಅದರಡಿ ಮತ್ತೊಂದು, ಯಾವ ಕಾಲದ್ದೋ ಹಳದಿ.
ನಡುನಡುವೆ ಧೂಳು, ಬೆಕ್ಕಿನ ಕೂದಲು,
ಯಾರದೋ ಹುಟ್ಟುಹಬ್ಬದ ಬಣ್ಣದ ಕಾಗದದ ಚೂರು.
ಮೇಣ ಹೆಚ್ಚಾದಷ್ಟೂ ನೆಲಕ್ಕೆ ಕಾವಲಲ್ಲವೇ?
ಅಲ್ಲ ಡೋನ್ಯಾ,
ನೀವು ಕೊಳೆ ತೆಗೆದಿಲ್ಲ, ಕಾಪಿಟ್ಟಿದ್ದೀರಿ,
ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಲ್ಲಿಸಿದ ಹಾಗೆ.

ಅಡುಗೆಮನೆಯ ಹಂಚಿನ ಮೇಲೆ ಹೆಜ್ಜೆ ಪಿಟಿಪಿಟಿ ಎಂದಿತು.
ಬಕೆಟ್ಟಿಗೆ ಒಂದು ಮುಚ್ಚಳ ಸಾಬೂನು ಸಾಕು ಎನ್ನುತ್ತದೆ ಡಬ್ಬಿ,
ಮೂರು ಎನ್ನುತ್ತದೆ ಅವಳ ಕೈ,
ಮಕ್ಕಳಿಗೆ ಬಡಿಸಿ ಬಡಿಸಿ ರೂಢಿಯಾದ ಕೈ.
ಹೊಸ್ತಿಲ ಅಮೃತಶಿಲೆಗೆ ವಾರಕ್ಕೊಮ್ಮೆ ವಿನೆಗರ್.
ಅಜ್ಜಿ ಹೇಳಿದ್ದಂತೆ, ಹುಳಿ ಸೋಕಿದರೆ ಎಲ್ಲವೂ ಹೊಸದು.
ತಾಮ್ರಕ್ಕೆ ಸರಿ ಅಜ್ಜಿ, ಕಿಟಕಿ ಗಾಜಿಗೂ ಸರಿ.
ಅಮೃತಶಿಲೆ ಹೆಸರಿಗಷ್ಟೇ ಅಮೃತ,
ಹನಿ ಬಿದ್ದಲ್ಲೆಲ್ಲ ಅದರ ಕಣ್ಣಿಗೆ ಪೊರೆ.

ಇನ್ನು ಆ ಕರಿ ಚುಕ್ಕೆಗಳು, ನೂರಾರು.
ಚಳಿಗಾಲದ ಅಗ್ಗಿಷ್ಟಿಕೆಯ ಕಿಡಿ ಸಿಡಿದದ್ದು ಎಂದೆ
ಎಲ್ಲ ಬಲ್ಲವನ ಹಾಗೆ.
ತಪ್ಪು ನನ್ನದೇ. ಸೂಜಿಯಿಂದ ಎಬ್ಬಿಸಿದರೆ
ಉಕ್ಕಿನ ನಾರಿನ ಎಳೆ, ತುಕ್ಕು.
ನಾರಿನಲ್ಲಿ ತಿಕ್ಕಿ, ಮೇಲೆ ಬಕೆಟ್ ನೀರು ಸುರಿದು
ಒಣಗಲು ಬಿಡುತ್ತಿದ್ದಳು.
ಮರ ಕುಡಿಯಿತು, ಉಬ್ಬಿತು,
ಕಬ್ಬಿಣವನ್ನು ತನ್ನೊಳಗೇ ಕರಗಿಸಿ ಶಾಯಿ ಮಾಡಿಕೊಂಡಿತು.

ಶನಿವಾರ ಬೆಳಗ್ಗೆ ರೇಡಿಯೊ ಹಾಕಿ
ಬಲಗಾಲಡಿ ನಾರಿನ ಮುದ್ದೆ, ಎಡಗಾಲು ನೆಟ್ಟಗೆ,
ಒತ್ತು, ಎಳೆ, ಒತ್ತು, ಎಳೆ, ಸೊಂಟ ತಾನೇ ಕುಣಿಯುತ್ತದೆ,
ಎಂದು ಎದ್ದು ನಿಂತು ತೋರಿಸಿದಳು.
ಆಮೇಲೆ ಚಾಂಚೊ, ಅಂದರೆ ಹಂದಿ:
ಹೊಟ್ಟೆಯಡಿ ಕುಂಚ ಕಟ್ಟಿದ ಕಬ್ಬಿಣದ ಗುಂಡು, ಉದ್ದ ಹಿಡಿ.
ಭಾರ ಸಾಲದೆಂದು ಮಗಳು ಶಿಮೇನಾ ಅದರ ಮೇಲೆ ಕೂತು
ಗೋಡೆಯಿಂದ ಗೋಡೆಗೆ ಸವಾರಿ.

ರೇಡಿಯೊ ಇದ್ದ ಕಿಟಕಿಯ ಬಳಿ ಪಟ್ಟಿ ಇಟ್ಟು ನೋಡಿದೆ.
ನಡುವೆ ಎರಡು ನಾಣ್ಯ ತೂರುವಷ್ಟು ತಗ್ಗು.
ಇಲ್ಲಿ ಓಡಾಟ ಹೆಚ್ಚೇ?
ಓಡಾಟವೇ? ಇಲ್ಲಿ ಕಾಲಿಡಲು ಯಾರನ್ನೂ ಬಿಟ್ಟವಳಲ್ಲ ನಾನು.
ಹೇಳಬೇಕೋ ಬೇಡವೋ ಎಂದುಕೊಂಡೇ ಹೇಳಿದೆ:
ತುಳಿದವರು ಸವೆಸಲಿಲ್ಲ ಡೋನ್ಯಾ,
ತೊಳೆದವರು ಸವೆಸಿದರು.

ಆರು ದಿನ ಕೆರೆದೆ.
ಕೊನೆಗೆ ಕಂಡದ್ದು ರೌಲಿ ಮರ,
ಬ್ರೆಡ್ಡಿನ ಹೊರಪದರದ ಬಣ್ಣ, ಮಿಂಚಿಲ್ಲ, ಮಾತಿಲ್ಲ.
ಕೊಳಕಾಗಿ ಕಾಣುತ್ತಿದೆ ಎಂದಳು.
ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿದ್ದವಳಿಗೂ
ಹೊಳೆಯುವುದೆಲ್ಲ ಶುಚಿಯಲ್ಲ ಎಂಬುದು ಹೊಸ ಪಾಠ.
ಮೆತ್ತನೆಯ ಪೊರಕೆ ಸಾಕು, ಎಂದೆ,
ಹನಿ ತೊಟ್ಟಿಕ್ಕದ ಹಾಗೆ ಹಿಂಡಿದ ಬಟ್ಟೆ,
ಮೇಣ ವರ್ಷಕ್ಕೊಮ್ಮೆ, ತೆಳ್ಳಗೆ.

ವರ್ಷಕ್ಕೊಮ್ಮೆ.
ಬೆರಳು ಮಡಿಸಿದಳು, ಬಿಡಿಸಿದಳು.
ಉಳಿದ ಐವತ್ತೊಂದು ಶನಿವಾರ ಏನು ಮಾಡಲಿ?
ಪೆಟ್ಟಿಗೆಯಲ್ಲಿ ಉಳಿಯಿತ್ತು, ಉಜ್ಜುಕಾಗದವಿತ್ತು,
ಅಂಟಿತ್ತು, ಮೂರು ಅಳತೆಯ ಮೊಳೆಯಿತ್ತು.

ಹೊರಡುವಾಗ ಅಭ್ಯಾಸಬಲದಿಂದ
ಕಂಬಳಿ ತುಂಡುಗಳ ಮೇಲೆ ಕಾಲಿಟ್ಟೆ.
ಜಾರಲಿಲ್ಲ.
ಬಾಗಿಲವರೆಗೆ ನಡೆದೇ ಹೋದೆ.
ಹಿಂದೆ ಯಾರೋ ಹುಡುಗಿ ರೇಡಿಯೊ ತಿರುಗಿಸಿದಳು,
ಒತ್ತು, ಎಳೆ ಎನ್ನುವ ದನಿ, ನಗು,
ಬರಿಗಾಲುಗಳ ಸದ್ದು.