ಚೈನಿನ ಬಿಲ್ಲು

ಬೆಟಗೇರಿ ಪೇಟೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ.
ಹಗ್ಗಕ್ಕೆ ಮೊಳದ ಲೆಕ್ಕ, ಮೊಳೆಗೆ ತೂಕದ ಲೆಕ್ಕ.
ಪುಣ್ಯಕ್ಕೆ ಯಾವ ಲೆಕ್ಕ ಅಂತ ನಾನು ಕೇಳಿದವನಲ್ಲ.
ಬಾಗಿಲ ಬಾಂಕಿನ ಮೇಲೆ ಕೂತ ಇಬ್ಬರು
ಅದಕ್ಕೇ ಜಗಳ ತೆಗೆದರು.

ದಾವಲಸಾಬ ಹಗ್ಗ ಒಯ್ಯುತ್ತಿದ್ದ, ಉದ್ರಿ.
ಮುಳಗುಂದ ದಾರಿಯ ಹಳೇ ಕಲ್ಲಿನ ಖಣಿಯಲ್ಲಿ
ಯಾರೋ ಬಿದ್ದರೆಂದರೆ
ಊಟದ ತಾಟು ಬಿಟ್ಟು ಓಡುವವ.
ಹೆಚ್ಚು ಸಲ ಹೆಣ; ಮೂರು ಸಲ ಜೀವ.
ಒಮ್ಮೆ ಒಂದು ಆಡಿಗೆಂದು ಹಾರಿ
ಕಿವಿಯ ತಮಟೆ ಹರಕೊಂಡು ಮೇಲೆ ಬಂದರೆ
ಆಡು ತಾನೇ ಈಜಿ ದಡ ಸೇರಿ
ಅವನ ಅಂಗಿ ಮೇಯುತ್ತಿತ್ತು.

ಸವಡಿ ಮಾಸ್ತರು ತರ್ಕಶಾಸ್ತ್ರದವರು.
ಪೆನ್ಷನ್ನಿನ ಹತ್ತರಲ್ಲೊಂದು ಪಾಲು ತೆಗೆದಿಟ್ಟು
ಆರು ವರ್ಷ ಯಾರಿಗೂ ಕೊಟ್ಟಿರಲಿಲ್ಲ.
ನೂರು ರೂಪಾಯಿ ಎಲ್ಲಿಟ್ಟರೆ ಎಷ್ಟು ನೋವು ಇಳಿದೀತು?
ಕಣ್ಣಿನ ಪೊರೆಗೋ, ಜಂತುಹುಳದ ಗುಳಿಗೆಗೋ?
ನೋಟ್‌ಬುಕ್ಕಿನ ಗೆರೆಗೆರೆಗೂ ಅನುಮಾನ.
ನನಗೂ ಒಂದು ಅನುಮಾನ: ಮುದುಕ ಜುಗ್ಗ.

"ಆಡಿನ ಬೆಲೆ ಎಷ್ಟೋ, ನಿನ್ನ ಬೆಲೆ ಎಷ್ಟು?"
"ನೀರು ನೋಟ್‌ಬುಕ್ ತಗೀಲಿಕ್ಕೆ ಟೈಮ್ ಕೊಡಂಗಿಲ್ರೀ ಸರ."
"ಬೀಳೂದಕ್ಕಿಂತ ಮೊದಲು ಟೈಮ್ ಇತ್ತಲ್ಲ?"

ದಾವಲ ನಕ್ಕ. ಮಾಸ್ತರು ನಗಲಿಲ್ಲ.
"ಎಷ್ಟು ಮಂದೀನ್ನ ತಗದಿ ಇಲ್ಲೀತನಕ?"
"ಎಣಿಸಿಲ್ರಿ."
"ಎಲ್ಲಿಂದ ಬಿದ್ದರು?"
ಬೀಡಿ ಕೈಯಲ್ಲೇ ಆರಿತು.
"ಮೂಡಲ ಮೂಲಿಯಿಂದನ ರೀ... ಎಲ್ಲಾರೂ.
ಅಲ್ಲಿ ಅರಿವಿ ಒಗೀತಾರ. ಕಲ್ಲು ಜಾರತೈತಿ."
ಇಪ್ಪತ್ತು ವರ್ಷ ಅದೇ ನೀರಿಗೆ ಹಾರಿದವ
ಆ ದಡವನ್ನು ಆಗಷ್ಟೇ ನೋಡಿದಂತಿತ್ತು.

ಮರುದಿನ ಮಾಸ್ತರು
ಅರವತ್ತು ಅಡಿ ಚೈನು, ಹನ್ನೊಂದು ಕಂಬ ತೂಗಿಸಿದರು.
ಕಿಲೋಕ್ಕೆ ಎರಡು ರೂಪಾಯಿಗೆ ಅರ್ಧ ತಾಸು ಚೌಕಾಶಿ.
ನಾನೂ ಬಿಡಲಿಲ್ಲ.
ನಟ್ಟು ಬೋಲ್ಟು ಮಾತ್ರ ಧರ್ಮಕ್ಕೆ ಕೊಟ್ಟೆ,
ಬಿಲ್ಲಿನಲ್ಲಿ ಕಾಣುವ ಹಾಗೆ ಬರೆದೆ.

ಸೊಂಟಕ್ಕೆ ಹಗ್ಗ ಬಿಗಿದು ಅಂಚಿಗೆ ಜೋತು
ದಾವಲ ಕಲ್ಲಿಗೆ ತೂತು ಕೊರೆದ.
ಇನ್ನೊಂದು ತುದಿ ಮಾಸ್ತರ ನಡುಗುವ ಕೈಯಲ್ಲಿ.
ಎರಡು ಸುತ್ತು ಬೇವಿನ ಮರಕ್ಕೂ ಸುತ್ತಿದ್ದರು;
ಅದು ಅವರ ಸ್ವಭಾವ.

ಈಗ ನಾಲ್ಕು ವರ್ಷ. ಯಾರೂ ಬಿದ್ದಿಲ್ಲ.
ಬೀಳದೆ ಉಳಿದವರು ಯಾರು, ಅವರ ಮನೆ ಯಾವ ಓಣಿ,
ಯಾರಿಗೂ ಗೊತ್ತಿಲ್ಲ, ಅವರಿಗೂ.
ದಾವಲನ ಫೋಟೋ ಪೇಪರಿನಲ್ಲಿ ಬರುವುದು ನಿಂತಿದೆ.
ಮಾಸ್ತರು ಹೋದ ಶ್ರಾವಣದಲ್ಲಿ ಹೋದರು,
ನೋಟ್‌ಬುಕ್ಕಿನಲ್ಲಿ ಇನ್ನೂ ಗೆರೆಗಳಿದ್ದವು.
ಚೈನಿನ ಮೇಲೆ ಕೌದಿ ಒಣಗುತ್ತವೆ,
ಹೆಂಗಸರು ಬೈಯುತ್ತಾರೆ:
"ಜಂಗು ಹತ್ತತೈತೆವ್ವಾ,
ಯಾವ ಪುಣ್ಯಾತ್ಮ ಹಾಕ್ಯಾನೋ ಇದನ್ನ!"

ನಿನ್ನೆ ದಾವಲ ಬಂದ. ಹಗ್ಗ ಬೇಡವೆಂದ.
ಬಣ್ಣದ ಎರಡು ಡಬ್ಬಿ ಎರಡೂ ಕೈಯಲ್ಲಿ ಹಿಡಿದು,
ಎಂದೂ ಬೆಲೆ ಕೇಳದವ, ಬಹಳ ಹೊತ್ತು ನಿಂತು ಕೇಳಿದ:
"ಇದರಾಗ ಯಾವುದು ಹೆಚ್ಚು ವರ್ಷ ತಡೀತೈತ್ರಿ?"