ಒಲ್ಲೆ ಅನ್ನೂತನಕ

ಹತ್ತೊಂಬತ್ತು ಅಂತಸ್ತಿನ ಚಿತ್ರ
ಕೊಪ್ಪೀಕರ ರೋಡಿಗೆ ಮಾರಿ ಮಾಡಿ ನಿಂತದ.
ಚಿತ್ರದಾಗ ಧೂಳಿಲ್ಲ, ಟಂಟಂ ಇಲ್ಲ,
ಒಂದು ನಾಯಿ ಸೈತ ಇಲ್ಲ.
ತಗಡಿನ ಬೇಲಿ ಹಿಂದ ನಾವು ಐದು ಮಂದಿ,
ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು,
ಅರವತ್ತಮೂರೂವರಿ ಕಿಲೋದ ಗುಂಡು.

ಕಟ್ಟೂದು ಮ್ಯಾಲೆ, ಕೇಳೂದು ಕೆಳಗ.
ನನ್ನ ಪಗಾರ ಅದಕ್ಕಽ: ನೆಲಾನ ಕೇಳೂದಕ್ಕ.
ಎತ್ತು, ಬಿಡು. ಎತ್ತು, ಬಿಡು.
ಒಂದಡಿ ಇಳೀಲಿಕ್ಕೆ ಎಷ್ಟು ಪೆಟ್ಟು
ದಸ್ತಗೀರ ಎಣಸ್ತಾನ, ನಾ ಬರೀತೀನಿ.

ಮೊದಲ ನಾಕಡಿ ಬರೇ ಊರು:
ಹಂಚಿನ ಚೂರು, ಇದ್ದಲಿ, ಸೋಡಾ ಬಾಟಲಿ ಗೋಲಿ,
ಯಾವದೋ ಛಾಪಖಾನಿಯ ಸೀಸದ ಅಕ್ಷರ, ಉಲ್ಟಾ 'ಳ'.
ಆಮ್ಯಾಲೆ ಎರಿ.
ಈ ಎರಿಮಣ್ಣಿನ ಸುದ್ದಿ ಹೇಳಬಾರದು ಬಿಡ್ರಿ,
ಮಳಿಗೆ ಉಬ್ಬತದ, ಬ್ಯಾಸಿಗಿಗೆ ಬಿರೀತದ,
ನಿಮ್ಮನಿ ಗ್ವಾಡಿಮ್ಯಾಲೆ ಅಡ್ಡ ಗೆರಿ ಕೊರದು
ಇಲ್ಲೇ ಅದೀನಿ ಅಂತ ಸಹಿ ಮಾಡತದ.
ಮೂರು ಪೆಟ್ಟು. ನಾಕು ಪೆಟ್ಟು.
ಹತ್ತಿ ಬೆಳೆಯೂ ಮಣ್ಣು,
ಕದಾ ಬಡಿಯೂದ್ರಾಗ ತೆಗೀತದ.

ದಿನಾ ಹನ್ನೊಂದಕ್ಕ ಗಡಿಯಾರದ ರಂಗೂಸಾ ಬರತಾರ.
ನಮ್ಮ ಎರಡನೇ ಬೋರು ಇರೂ ಜಾಗಾದಾಗಽ
ಅವರದು ಮೂರಡಿ ಅಗಲದ ಅಂಗಡಿ ಇತ್ತು.
ಈಗ ಪ್ಲಾಸ್ಟಿಕ್ ಚೀಲದಾಗ ಕರಾರು ಪತ್ರ:
ಎರಡನೇ ಮಹಡಿ, ಮಳಗಿ ನಂಬರ್ ಹದಿನೇಳು.
ಮೊನ್ನೆ ಹಂಚಿನಾಳ ಮೇಡಂನ ಕೇಳಿದರು,
"ಬಾಯಾರ, ನನ್ನ ಮಳಗಿ ಎಲ್ಲಿ ಬರತದ?"
ಮೇಡಂ ನಕ್ಷಾ ನೋಡಿ, ಗೋಣು ಎತ್ತಿ,
ಬಟ್ಟು ಮಾಡಿ ತೋರಿಸಿದರು,
"ಅಗೋ, ಆ ವೈರಿನ ಮ್ಯಾಲೆ ಕಾಗಿ ಕುಂತದಲ್ಲ,
ಅದರ ಎಡಕ್ಕ ಒಂದು ಗೇಣು."
ಅವತ್ತಿನಿಂದ ರಂಗೂಸಾ ಸ್ಟೂಲು ತಂದು
ಸರಿಯಾಗಿ ಆ ಗಾಳಿ ಕೆಳಗಽ ಕುಂಡ್ರತಾರ.
ಕಾಗಿ ಹಾರಿದರ ಗಾಬರಿ ಆಗತಾರ.

ಕಾರಿನಾಗ ಗಂಡ ಹೆಂಡತಿ ಬಂದರು, ನವನಗರದಾವರು.
ಹದಿನಾಲ್ಕನೇ ಮಹಡಿ ಬುಕ್ ಮಾಡ್ಯಾರ.
ಅಲ್ಲಿಂದ ಉಣಕಲ್ ಕೆರಿ ಕಾಣತದೇನು,
ನೃಪತುಂಗ ಬೆಟ್ಟ ಕಾಣತದೇನು?
ಮೇಡಂ ಹೂಂ ಅಂದರು.
ನನಗ ಇಪ್ಪತ್ತೆರಡಡಿ ಕೆಳಗ
ಆಗಲೇ ನೀರು ಕಂಡಿತ್ತು.

ಹೌದ್ರಿ, ನೀರು.
ಪೈಪು ಮ್ಯಾಲೆ ಬಂತು, ಒಳಗ ಮಣ್ಣಲ್ಲ,
ಕಟದ ಕಲ್ಲಿನ ಚೂರು, ಕರಿ ರಾಡಿ, ತಂಪು ವಾಸನಿ.
ಹಳೇ ಬಾವಿ. ನಕ್ಷಾದಾಗಿಲ್ಲ, ಉತಾರದಾಗಿಲ್ಲ.
ರಂಗೂಸಾನ ಕೇಳಿದೆ.
"ಇತ್ತಲ್ಲ," ಅಂದರು, "ಮುಚ್ಚಿದ ಬಾವಿ ಮ್ಯಾಲೇನಽ
ನಮ್ಮಪ್ಪ ಅಂಗಡಿ ಹಾಕಿದ್ದು. ಬಾಡಿಗಿ ಕಡಿಮಿ ಅಂತ."
"ಮೊದಲಽ ಹೇಳಬಾರದಽ?"
"ಯಾರರೆ ಕೇಳಿದರ ಅಲ್ಲ?"

ಹನ್ನೆರಡಡಿ ಸರದು ಮತ್ತ ಶುರು.
ಎತ್ತು, ಬಿಡು.
ಎರಿ ಮುಗೀತು, ಕೆಂಪು ಮುರುಮ ಬಂತು:
ಹದಿನೆಂಟು, ಇಪ್ಪತ್ತಾರು, ಮೂವತ್ತೊಂಬತ್ತು.
ನಾಲ್ವತ್ತೊಂದನೇ ಅಡಿಗೆ ಗುಂಡಿನ ದನಿ ಬದಲಾತು.
ಐವತ್ತು ಪೆಟ್ಟು. ಒಂದು ಬಟ್ಟು ಇಳೀಲಿಲ್ಲ.
ಇಂಥಲ್ಲೆ 'ರಿಫ್ಯೂಜಲ್' ಅಂತ ಬರೀರಿ ಅಂತಾರ,
ನಾ ನನ್ನ ವಹಿಯಾಗ ಬರೀತೀನಿ: ಒಲ್ಲೆ ಅಂತು.
ಮೇಡಂಗ ಭಾಳ ಖುಷಿ.
ಒಲ್ಲೆ ಅನ್ನೂ ನೆಲದ ಮ್ಯಾಲೇನಽ
ಹತ್ತೊಂಬತ್ತು ಅಂತಸ್ತು ನಿಲ್ಲತಾವ;
ಹೂಂ ಹೂಂ ಅಂದ ಮಣ್ಣನ್ನ
ಟಿಪ್ಪರಿನಾಗ ಹೇರಿ ಗಬ್ಬೂರಿನಾಚೆ ಒಗೀತಾರ.

ಸಂಜಿಮುಂದ ರಂಗೂಸಾ ಕರಾರು ಪತ್ರ ಬಿಚ್ಚಿ ತೋರಿಸಿದರು.
ಕೆಳಗ ಸಹಿ, ನೀಲಿ ಮಸಿ,
ಪೆನ್ನು ಎಲ್ಲಿಯೂ ಎತ್ತಿಲ್ಲ.
ನಾ ಏನೂ ಅನಲಿಲ್ಲ.
ಕಿಸೆದಾಗಿನ ಸೀಸದ ಅಕ್ಷರ ಅವರ ಕೈಯಾಗಿಟ್ಟೆ.
ಕಣ್ಣಿಗೆ ಭೂತಗನ್ನಡಿ ಸಿಗಿಸಿ,
ನಿಂತ ಗಡಿಯಾರ ನೋಡಿಧಂಗ ತಿರುವಿ ತಿರುವಿ ನೋಡಿ,
"ಉಲ್ಟಾ ಅದ," ಅಂದರು.
ಪೆಟ್ಟಿಗ್ಯಾಗಿನ ಹಸಿ ಎರಿ ಉಂಡಿ ತಗೊಂಡು
ಮೆಲ್ಲಕ ಒತ್ತಿದರು.
ನೆಟ್ಟಗ ಮೂಡಿತು.

ಆ ಉಂಡಿ, ಸ್ಯಾಂಪಲ್ ನಂಬರ್ ನಾಕು,
ಮರುದಿನ ಲ್ಯಾಬಿಗೆ ಹೋತು.
ಒಣಗಿಸಿ, ಕುಟ್ಟಿ, ಜರಡಿ ಹಿಡದು ನೋಡತಾರ.